ಹಳೆಯ ತಂತ್ರಾಂಶ, ಹೊಸ ವ್ಯವಸ್ಥೆ: ದೋಷ ಹುಡುಕುವ ಬಗೆ



ಇಂದು ನಾವು ಮಾತನಾಡಲಿರುವುದು ಕಂಪ್ಯೂಟರ್ ಆಟಗಳ ವಿಷಯ. ಆಟ ಆಡುವ ವಿಷಯವಲ್ಲ, ಆಟ ಕಟ್ಟುವ ವಿಷಯ. ಕಂಪ್ಯೂಟರಿನ ಕಾರ್ಯಾಚರಣ ವ್ಯವಸ್ಥೆಯನ್ನು, ಎಂದರೆ ಆಪರೇಟಿಂಗ್ ಸಿಸ್ಟಮನ್ನು, ಹೊಸದಕ್ಕೆ ಬದಲಾಯಿಸಿದ ಮರುದಿನ ಆಟ ಕಟ್ಟುವ ಉಪಕರಣ ಕೆಲಸ ಮಾಡದಿದ್ದರೆ ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ನೋಡೋಣ.

ಯಕ್ಷಗಾನ ಬಯಲಾಟ ನೋಡಿದವರಿಗೆ ಇದನ್ನು ವಿವರಿಸುವುದು ಸುಲಭ. ಮೇಳ ಒಂದೇ. ಭಾಗವತರು, ಚೆಂಡೆ, ಮದ್ದಳೆ, ವೇಷಧಾರಿಗಳು ಅವರೇ. ಆದರೆ ಇಂದಿನ ಪ್ರಸಂಗ ಬೇರೆ, ನಾಳೆಯ ಪ್ರಸಂಗ ಬೇರೆ. ಕಂಪ್ಯೂಟರ್ ಆಟದಲ್ಲಿಯೂ ಹೀಗೆಯೇ. ಚಿತ್ರ ಮೂಡಿಸುವ, ಸದ್ದು ಕೇಳಿಸುವ, ವಸ್ತುಗಳು ಡಿಕ್ಕಿ ಹೊಡೆದರೆ ಲೆಕ್ಕ ಹಾಕುವ ಮೂಲ ತಂತ್ರಾಂಶಕ್ಕೆ ಎಂಜಿನ್ ಎನ್ನುತ್ತಾರೆ. ಅದು ಮೇಳವಿದ್ದಂತೆ. ಆಟಗಾರ ಓಡಾಡುವ ಬೀದಿ, ಕೋಟೆ, ದ್ವೀಪ, ಅಲ್ಲಿರುವ ಬಾಗಿಲು, ಏಣಿ, ಎದುರಾಳಿ ಇವೆಲ್ಲ ಸೇರಿದ ಒಂದು ಘಟ್ಟಕ್ಕೆ ಲೆವೆಲ್ ಎಂದು ಹೆಸರು. ಅದು ಪ್ರಸಂಗವಿದ್ದಂತೆ. ಈ ಲೆವೆಲನ್ನು ರಚಿಸಲು ಬಳಸುವ ತಂತ್ರಾಂಶವೇ ಲೆವೆಲ್ ಎಡಿಟರ್.

ಇದೆಲ್ಲ ಮಕ್ಕಳಾಟಿಕೆ ಎಂದು ಹಿರಿಯರು ಭಾವಿಸುವುದುಂಟು. ಅದು ಸರಿಯಲ್ಲ. ಅಮೆರಿಕದ ವಿಲ್ ರೈಟ್ ಎಂಬವರು 1984ರಲ್ಲಿ ಹೊರಬಂದ ಹೆಲಿಕಾಪ್ಟರ್ ಆಟವೊಂದಕ್ಕೆ ದ್ವೀಪಗಳನ್ನು ರಚಿಸಲು ಒಂದು ಎಡಿಟರ್ ಮಾಡಿಕೊಂಡಿದ್ದರು. ಬಾಂಬು ಹಾಕಿ ದ್ವೀಪಗಳನ್ನು ಕೆಡಹುವುದಕ್ಕಿಂತ ರಸ್ತೆ, ಕಟ್ಟಡಗಳನ್ನಿಟ್ಟು ಅವುಗಳನ್ನು ಕಟ್ಟುವುದೇ ಅವರಿಗೆ ಹೆಚ್ಚು ರುಚಿಸಿತು. ಆ ಎಡಿಟರಿನಿಂದ ಹುಟ್ಟಿದ ಆಟ 1989ರ ಸಿಮ್‌ಸಿಟಿ. ಊರು ಕಟ್ಟುವುದೇ ಆಟವಾದ ಪ್ರಸಿದ್ಧ ಆಟ ಅದು. 1993ರಲ್ಲಿ ಡೂಮ್ ಎಂಬ ಆಟ ಬಂದಾಗ ಆಟಗಾರರೇ ಸೇರಿ ಅದಕ್ಕೆ ಎಡಿಟರುಗಳನ್ನು ಬರೆದರು, ಸಾವಿರಾರು ಲೆವೆಲುಗಳನ್ನು ರಚಿಸಿದರು. ಹೀಗೆ ಹವ್ಯಾಸಕ್ಕೆ ಆರಂಭಿಸಿದ ಎಷ್ಟೋ ಮಂದಿ ಮುಂದೆ ಅದನ್ನೇ ವೃತ್ತಿಯನ್ನಾಗಿ ಮಾಡಿಕೊಂಡರು.

ಈಗ ಆದಿ ಉಡುಪಿಯಲ್ಲಿರುವ ಒಬ್ಬ ವಿದ್ಯಾರ್ಥಿನಿಯನ್ನು ಕಲ್ಪಿಸಿಕೊಳ್ಳಿ. ಅವಳು ಒಂದು ಹಳೆಯ ಲೆವೆಲ್ ಎಡಿಟರಿನಲ್ಲಿ ತನ್ನದೇ ಲೆವೆಲ್ ಕಟ್ಟಿದ್ದಾಳೆ. ಆಟ ಆದಿ ಉಡುಪಿಯ ಸಂತೆಯಿಂದ ಹೊರಟು, ಮಲ್ಪೆ ಬಂದರಿಗೆ ಬಂದು, ದೋಣಿ ಹತ್ತಿ ಸೈಂಟ್ ಮೇರೀಸ್ ದ್ವೀಪ ಸೇರುತ್ತದೆ. ದ್ವೀಪದ ಬಹುಮುಖಗಳ ಶಿಲಾಸ್ತಂಭಗಳನ್ನು ಒಂದೊಂದಾಗಿ ನಿಲ್ಲಿಸಿದ್ದಾಳೆ. ಮೂರು ತಿಂಗಳ ಕೆಲಸ. ಕಾಲೇಜಿನ ಸ್ಪರ್ಧೆಗೆ ಇನ್ನು ಹತ್ತು ದಿನ. ವಿಂಡೋಸ್ 10ಕ್ಕೆ ತಯಾರಕರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದದ್ದರಿಂದ ಮನೆಯವರು ಕಂಪ್ಯೂಟರನ್ನು ವಿಂಡೋಸ್ 11ಕ್ಕೆ ಏರಿಸುತ್ತಾರೆ. ಬೆಳಿಗ್ಗೆ ಎಡಿಟರ್ ತೆರೆದರೆ ಕಿಟಕಿಯೊಂದು ಕ್ಷಣ ಕಾಣಿಸಿ ಮಾಯವಾಗುತ್ತದೆ.

ಇಂತಹ ಸಂದರ್ಭದಲ್ಲಿ ಹಲವರು ಮಾಡುವ ಮೊದಲ ಕೆಲಸವೆಂದರೆ ತಂತ್ರಾಂಶವನ್ನು ಅಳಿಸಿ ಮತ್ತೆ ಹಾಕುವುದು. ಅದೂ ಫಲಿಸದಿದ್ದರೆ ಇಡೀ ಡಿಸ್ಕನ್ನೇ ಫಾರ್ಮ್ಯಾಟ್ ಮಾಡಿಸುವುದು. ಹಳೆಯ ಎಡಿಟರುಗಳಲ್ಲಿ ಕೆಲವು ನೀವು ರಚಿಸಿದ ಲೆವೆಲುಗಳನ್ನು ತಮ್ಮದೇ ಫೋಲ್ಡರಿನೊಳಗೆ ಇಟ್ಟುಕೊಂಡಿರುತ್ತವೆ. ತಂತ್ರಾಂಶ ಅಳಿಸುವಾಗ ಅವೂ ಅಳಿಸಿಹೋಗಬಹುದು. ಅಲ್ಲಿಯವರೆಗೆ ಕೆಟ್ಟಿದ್ದದ್ದು ಉಪಕರಣ ಮಾತ್ರ, ಕೆಲಸ ಸುರಕ್ಷಿತವಾಗಿಯೇ ಇತ್ತು. ಕೆಲಸ ಹೋಗುವುದು ಗಾಬರಿಯಿಂದ. ಆದ್ದರಿಂದ ಕೈ ಹಚ್ಚುವ ಮೊದಲು ಕಾರಣ ತಿಳಿಯಬೇಕು.

ಏಕೆ ಹೀಗಾಗುತ್ತದೆ? ಎಡಿಟರಿನಲ್ಲಿ ಒಂದಕ್ಷರವೂ ಬದಲಾಗಿಲ್ಲ. ನಿನ್ನೆ ಓಡಿದ್ದು ಇಂದೇಕೆ ಓಡುವುದಿಲ್ಲ?

ಕಾರ್ಯಾಚರಣ ವ್ಯವಸ್ಥೆ ಎಂದರೆ ಯಂತ್ರಕ್ಕೂ ತಂತ್ರಾಂಶಗಳಿಗೂ ನಡುವಿನ ಮೇಲ್ವಿಚಾರಕ. ಕಡತ ತೆರೆಯಬೇಕೆ, ಸ್ಮೃತಿಯಲ್ಲಿ ಜಾಗ ಬೇಕೆ, ಪರದೆಯ ಮೇಲೆ ಗೆರೆ ಎಳೆಯಬೇಕೆ, ಎಲ್ಲಕ್ಕೂ ಅದನ್ನೇ ಕೇಳಬೇಕು. ಹೇಗೆ ಕೇಳಬೇಕು, ಏನು ಸಿಗುತ್ತದೆ ಎಂಬುದಕ್ಕೆ ಒಂದು ಒಪ್ಪಂದವಿದೆ. ಪೇಟೆಗಳಲ್ಲಿ ರಸ್ತೆ ಅಗಲವಾಗುವುದನ್ನು ನೀವು ನೋಡಿರುತ್ತೀರಿ. ತನ್ನ ಗಡಿಯೊಳಗೆ ಕಟ್ಟಿದ ಅಂಗಡಿಗೆ ತೊಂದರೆ ಕಡಿಮೆ. ರಸ್ತೆಯ ಅಂಚಿಗೆ ಜಗಲಿ ಚಾಚಿದ ಅಂಗಡಿಯವನು ಎಷ್ಟೋ ವರ್ಷ ನೆಮ್ಮದಿಯಿಂದಲೇ ಇರುತ್ತಾನೆ, ಯಾರೂ ಕೇಳುವುದಿಲ್ಲ. ಅಳತೆಯ ಸಿಬ್ಬಂದಿ ಬಂದ ದಿನ ಜಗಲಿ ಹೋಗುತ್ತದೆ. ಹಳೆಯ ತಂತ್ರಾಂಶಗಳಲ್ಲಿ ಹಲವು ಇಂತಹ ಜಗಲಿ ಚಾಚಿಕೊಂಡಿರುತ್ತವೆ.

ಒಂದು ಸ್ಪಷ್ಟ ಉದಾಹರಣೆ ನೋಡಿ. ವಿಂಡೋಸ್ ಎಕ್ಸ್‌ಪಿಯ ಕಾಲದಲ್ಲಿ ಬಹುತೇಕ ಎಲ್ಲರೂ ಪೂರ್ಣ ಅಧಿಕಾರದಿಂದಲೇ ಕಂಪ್ಯೂಟರ್ ಬಳಸುತ್ತಿದ್ದರು. ಆದ್ದರಿಂದ ಎಡಿಟರುಗಳು ಪ್ರೋಗ್ರಾಮ್ ಫೈಲ್ಸ್ ಎಂಬ ಫೋಲ್ಡರಿನಲ್ಲಿಯೇ ಲೆವೆಲುಗಳನ್ನು ಬರೆದಿಡುತ್ತಿದ್ದವು. 2007ರಲ್ಲಿ ವಿಸ್ತಾ ಬಂದಾಗ ಸಾಮಾನ್ಯ ತಂತ್ರಾಂಶಗಳು ಅಲ್ಲಿ ಬರೆಯುವುದಕ್ಕೆ ತಡೆ ಬಿತ್ತು. ಆದರೆ ಹಳೆಯ ತಂತ್ರಾಂಶಗಳು ಪೂರ್ತಿ ನಿಂತುಹೋಗಬಾರದಲ್ಲ? ಅದಕ್ಕಾಗಿ ವ್ಯವಸ್ಥೆಯು ಅವು ಬರೆದದ್ದನ್ನು ಸದ್ದಿಲ್ಲದೆ ಬೇರೊಂದು ಕಡೆಗೆ ಸಾಗಿಸತೊಡಗಿತು. ಆ ಜಾಗದ ಹೆಸರು ವರ್ಚುವಲ್‌ಸ್ಟೋರ್. ನಿಮ್ಮ ಹೆಸರಿನ ಫೋಲ್ಡರಿನೊಳಗೆ ಆಪ್‌ಡೇಟಾ, ಅದರೊಳಗೆ ಲೋಕಲ್, ಅದರೊಳಗೆ ಇದು ಇರುತ್ತದೆ. ಆಪ್‌ಡೇಟಾ ಮರೆಮಾಡಿದ ಫೋಲ್ಡರು. ಅಡಗಿದ ಫೋಲ್ಡರುಗಳನ್ನು ತೋರಿಸು ಎಂದು ಆಯ್ಕೆ ಮಾಡಿದರೆ ಕಾಣುತ್ತದೆ. ಲೆವೆಲ್ ಕಳೆದುಹೋಯಿತು ಎಂದು ಅತ್ತವರ ಕಡತ ಅಲ್ಲಿ ಸುಖವಾಗಿ ಕುಳಿತಿರುವುದುಂಟು.

ಎರಡನೆಯ ಕಾರಣ, ಹಳೆಯ ಒಪ್ಪಂದವನ್ನೇ ರದ್ದುಗೊಳಿಸುವುದು. ಡಾಸ್ ಮತ್ತು ವಿಂಡೋಸಿನ ಮೊದಲ ಆವೃತ್ತಿಗಳಿಗೆ ಬರೆದ ಎಷ್ಟೋ ತಂತ್ರಾಂಶಗಳು 16 ಬಿಟ್‌ನವು. 64 ಬಿಟ್‌ನ ವಿಂಡೋಸ್ ಅವುಗಳನ್ನು ನೇರವಾಗಿ ನಡೆಸುವುದಿಲ್ಲ. 2021ರಲ್ಲಿ ಬಂದ ವಿಂಡೋಸ್ 11ರಲ್ಲಿ ಇರುವುದು 64 ಬಿಟ್ ರೂಪ ಮಾತ್ರ. ಆಪಲ್ ಸಂಸ್ಥೆಯ ಕಂಪ್ಯೂಟರುಗಳಲ್ಲಿ 2019ರ ಕ್ಯಾಟಲಿನಾ ಆವೃತ್ತಿಯಿಂದ 32 ಬಿಟ್‌ನ ತಂತ್ರಾಂಶಗಳೂ ನಡೆಯುವುದಿಲ್ಲ. ಇಲ್ಲಿ ರಿಪೇರಿಗೆ ಅವಕಾಶವಿಲ್ಲ, ಬೇರೆ ದಾರಿ ಹುಡುಕಬೇಕು.

ಮೂರನೆಯದು, ಸಹಾಯಕ ಕಡತಗಳ ಕೊರತೆ. ಎಡಿಟರ್ ಎಲ್ಲವನ್ನೂ ತಾನೇ ಮಾಡುವುದಿಲ್ಲ. ಡಾಟ್‌ನೆಟ್, ವಿಷುವಲ್ ಸಿ ಪ್ಲಸ್ ಪ್ಲಸ್, ಡೈರೆಕ್ಟ್‌ಎಕ್ಸ್ ಮುಂತಾದ ಸಿದ್ಧ ಭಾಗಗಳನ್ನು ಎರವಲು ಪಡೆಯುತ್ತದೆ. ಹೊಸ ವ್ಯವಸ್ಥೆಯಲ್ಲಿ ಅವುಗಳ ಹಳೆಯ ಆವೃತ್ತಿ ಇಲ್ಲದಿರಬಹುದು. ಉದಾಹರಣೆಗೆ ಡಾಟ್‌ನೆಟ್ 3.5 ವಿಂಡೋಸ್ 10 ಮತ್ತು 11ರಲ್ಲಿ ತಾನಾಗಿ ಚಾಲೂ ಇರುವುದಿಲ್ಲ, ನಾವೇ ಸೇರಿಸಿಕೊಳ್ಳಬೇಕು.

ನಾಲ್ಕನೆಯ ಕಾರಣ ಎಲ್ಲಕ್ಕಿಂತ ಕುತೂಹಲಕಾರಿ. ತಂತ್ರಾಂಶದಲ್ಲಿ ತಪ್ಪು ಮೊದಲಿನಿಂದಲೂ ಇತ್ತು, ಹಳೆಯ ವ್ಯವಸ್ಥೆಯಲ್ಲಿ ಅದು ಅದೃಷ್ಟದಿಂದ ಮುಚ್ಚಿಹೋಗಿತ್ತು, ಅಷ್ಟೆ. ಆಗಲೇ ಹೇಳಿದ ಸಿಮ್‌ಸಿಟಿಯಲ್ಲಿ ಇಂತಹದೊಂದು ದೋಷವಿತ್ತು. ಸ್ಮೃತಿಯಲ್ಲಿ ಪಡೆದ ಜಾಗವನ್ನು ಹಿಂತಿರುಗಿಸಿದ ಮೇಲೂ ಅದು ಅಲ್ಲಿಂದ ಓದುತ್ತಿತ್ತು. ಬಾಡಿಗೆ ಮನೆ ಬಿಟ್ಟುಕೊಟ್ಟ ಮೇಲೆ ಹಳೆಯ ಬೀಗದ ಕೈಯಿಂದ ಒಳಹೋದಂತೆ. ಹಿಂದಿನ ವ್ಯವಸ್ಥೆ ಆ ಜಾಗವನ್ನು ತಕ್ಷಣ ಬೇರೆಯವರಿಗೆ ಕೊಡುತ್ತಿರಲಿಲ್ಲವಾದ್ದರಿಂದ ಏನೂ ಆಗಲಿಲ್ಲ. 1995ರ ವಿಂಡೋಸ್‌ನಲ್ಲಿ ಆಟ ಕುಸಿಯತೊಡಗಿತು. ಜನಪ್ರಿಯ ಆಟ ನಿಂತರೆ ಜನ ಹೊಸ ವಿಂಡೋಸನ್ನೇ ದೂರುತ್ತಾರೆಂದು ಮೈಕ್ರೋಸಾಫ್ಟ್ ಒಂದು ವಿಶೇಷ ಏರ್ಪಾಡು ಮಾಡಿತು. ಓಡುತ್ತಿರುವುದು ಸಿಮ್‌ಸಿಟಿ ಎಂದು ತಿಳಿದರೆ, ಬಿಟ್ಟುಕೊಟ್ಟ ಜಾಗವನ್ನು ವ್ಯವಸ್ಥೆ ಸ್ವಲ್ಪ ಹೊತ್ತು ಹಾಗೆಯೇ ಉಳಿಸುತ್ತಿತ್ತು.

ಇತ್ತೀಚಿನ ಉದಾಹರಣೆಯೂ ಇದೆ. ನಮ್ಮ ಬೆಂಗಳೂರಿನಲ್ಲಿ 1997ರಲ್ಲಿ ಆರಂಭವಾದ ಧ್ರುವ ಇಂಟರಾಕ್ಟಿವ್ ಭಾರತದ ಮೊದಮೊದಲ ಆಟ ತಯಾರಿಕಾ ಸಂಸ್ಥೆಗಳಲ್ಲಿ ಒಂದು. ಅದನ್ನು 2019ರಲ್ಲಿ ರಾಕ್‌ಸ್ಟಾರ್ ಎಂಬ ಸಂಸ್ಥೆ ಕೊಂಡಿತು. ಧ್ರುವವನ್ನು ಕೊಳ್ಳುವುದಕ್ಕೆ ಎಷ್ಟೋ ಮೊದಲು, 2004ರಲ್ಲಿ, ಈ ರಾಕ್‌ಸ್ಟಾರ್ ತಂದ ಪ್ರಸಿದ್ಧ ಆಟ ಗ್ರ್ಯಾಂಡ್ ಥೆಫ್ಟ್ ಆಟೊ ಸ್ಯಾನ್ ಆಂಡ್ರಿಯಾಸ್. ಆಟ ವಯಸ್ಕರಿಗಾಗಿ ಮಾಡಿದ್ದು. ನಮಗಿಲ್ಲಿ ಬೇಕಾದುದು ಅದರೊಳಗಿನ ದೋಷ. 2024ರಲ್ಲಿ ವಿಂಡೋಸ್ 11ರ ಹೊಸ ಆವೃತ್ತಿ ಬಂದ ಮೇಲೆ ಈ ಆಟದಲ್ಲಿ ನೀರಿನ ಮೇಲೆ ಇಳಿಯುವ ಒಂದು ವಿಮಾನ ಕಾಣದಂತಾಯಿತು. ಎಲ್ಲರೂ ವಿಂಡೋಸನ್ನು ಬೈದರು. ಹಳೆಯ ಆಟಗಳನ್ನು ತಿದ್ದುವ ಹವ್ಯಾಸಿ ತಂತ್ರಜ್ಞರೊಬ್ಬರು 2025ರಲ್ಲಿ ಕಾರಣ ಬಿಡಿಸಿ ತೋರಿಸಿದರು. ವಾಹನಗಳ ವಿವರವಿರುವ ಕಡತದಲ್ಲಿ ಈ ವಿಮಾನದ ಸಾಲಿಗೆ ಚಕ್ರದ ಅಳತೆಯನ್ನೇ ಬರೆದಿರಲಿಲ್ಲ. ಹಿಂದಿನ ಆಟವೊಂದರಲ್ಲಿ ಅದನ್ನು ದೋಣಿಗಳ ಪಟ್ಟಿಯಲ್ಲಿ ಸೇರಿಸಿದ್ದರು, ದೋಣಿಗೆ ಚಕ್ರವಿಲ್ಲವಲ್ಲ! ಅಳತೆ ಇಲ್ಲದಾಗ ಆಟ ಏನು ಓದುತ್ತಿತ್ತು? ಅದಕ್ಕಿಂತ ಮೊದಲು ಓದಿದ ವಾಹನದ ಅಳತೆ ಸ್ಮೃತಿಯಲ್ಲಿ ಅಳಿಸದೆ ಉಳಿದಿರುತ್ತಿತ್ತು, ಅದನ್ನೇ ಓದುತ್ತಿತ್ತು. ಹಿಂದಿನ ತರಗತಿಯವರು ಕಪ್ಪುಹಲಗೆ ಒರೆಸದೆ ಹೋದರೆ ಅವರ ಲೆಕ್ಕದ ಉತ್ತರವನ್ನೇ ನಾವು ಬರೆದುಕೊಂಡಂತೆ. ಹೊಸ ವಿಂಡೋಸ್ ಆ ಜಾಗವನ್ನು ತನ್ನ ಕೆಲಸಕ್ಕೆ ಬಳಸಿತು, ಹಲಗೆಯ ಮೇಲಿನ ಅಂಕಿ ಬದಲಾಯಿತು, ವಿಮಾನದ ಅಳತೆ ಊಹೆಗೂ ಮೀರಿ ಬೆಳೆಯಿತು. ಇಪ್ಪತ್ತು ವರ್ಷ ಅಡಗಿದ್ದ ತಪ್ಪು ಒಂದು ಮೇಲ್ದರ್ಜೆಯಿಂದ ಹೊರಬಂತು. ಮೇಲ್ದರ್ಜೆಗೆ ಏರಿಸಿದ ಮೇಲೆ ಕೆಟ್ಟಿತು ಎಂಬುದರಿಂದ ಮೇಲ್ದರ್ಜೆಯೇ ತಪ್ಪು ಮಾಡಿತು ಎಂದು ಹೇಳಲಾಗದು. ವಿಜ್ಞಾನ ಓದುವವರು ಈ ವ್ಯತ್ಯಾಸವನ್ನು ಗಮನಿಸಬೇಕು.

ಸರಿ, ಕಾರಣಗಳು ತಿಳಿದವು. ನಮ್ಮ ಆದಿ ಉಡುಪಿಯ ವಿದ್ಯಾರ್ಥಿನಿ ಈಗ ಏನು ಮಾಡಬೇಕು?

ಮೊದಲು ಅವಳು ಎಡಿಟರನ್ನು ಮುಟ್ಟದೆ ಲೆವೆಲಿನ ಕಡತಗಳನ್ನೂ ಅದಕ್ಕೆ ಬಳಸಿದ ಚಿತ್ರ, ಸದ್ದುಗಳನ್ನೂ ಪೆನ್ ಡ್ರೈವಿಗೆ ನಕಲು ಮಾಡಬೇಕು. ಆ ಪೆನ್ ಡ್ರೈವನ್ನು ತೆಗೆದು ಬೇರೆ ಇಡಬೇಕು. ಮುಂದಿನ ಪ್ರಯೋಗಗಳೆಲ್ಲ ಇನ್ನೊಂದು ನಕಲಿನ ಮೇಲೆ ನಡೆಯಲಿ.

ಎರಡನೆಯದಾಗಿ, ಹಿಂದಿರುಗುವ ಬಾಗಿಲು ತೆರೆದಿದೆಯೇ ನೋಡಬೇಕು. ವಿಂಡೋಸ್ 10ರಿಂದ 11ಕ್ಕೆ ಏರಿಸಿದವರು ಸಾಮಾನ್ಯವಾಗಿ ಹತ್ತು ದಿನಗಳೊಳಗೆ ಹಿಂದಿನದಕ್ಕೆ ಮರಳಬಹುದು. ಸ್ಪರ್ಧೆಯ ಕೆಲಸ ಮುಗಿಸಿ ನಂತರ ಮತ್ತೆ ಏರಿಸುವುದು ನಾಚಿಕೆಯ ವಿಷಯವಲ್ಲ. ಕಾರ್ಯಕ್ರಮವೊಂದು ಅರ್ಧ ಸಂಕಲನವಾಗಿರುವಾಗ ಆ ಯಂತ್ರದ ವ್ಯವಸ್ಥೆಯನ್ನು ಬದಲಿಸಬಾರದೆಂಬುದು ನಮ್ಮ ದೂರದರ್ಶನದ ಕೆಲಸದಲ್ಲಿಯೂ ರೂಢಿ.

ಮೂರನೆಯದಾಗಿ, ಕಂಪ್ಯೂಟರ್ ಏನು ಹೇಳುತ್ತಿದೆಯೋ ಅದನ್ನು ಓದಬೇಕು. ದೋಷದ ಸಂದೇಶ ಬಂದ ಕೂಡಲೇ ಮುಚ್ಚುವುದು ನಮ್ಮ ಅಭ್ಯಾಸ. ಅದನ್ನು ಅಕ್ಷರ ಬಿಡದೆ ಪುಸ್ತಕದಲ್ಲಿ ಬರೆದುಕೊಳ್ಳಿ. ಸಂದೇಶವೇ ಇಲ್ಲದೆ ಮಾಯವಾದರೂ ವಿಂಡೋಸಿನ ಇವೆಂಟ್ ವ್ಯೂವರ್ ಎಂಬ ದಿನಚರಿಯಲ್ಲಿ ಸಾಮಾನ್ಯವಾಗಿ ದಾಖಲೆ ಇರುತ್ತದೆ. ಯಾವ ಭಾಗದಲ್ಲಿ ಕುಸಿಯಿತು ಎಂಬ ಹೆಸರು ಅಲ್ಲಿ ಸಿಗುತ್ತದೆ. ಹೆಸರು ಪರದೆಯ ಚಿತ್ರಕ್ಕೆ ಸಂಬಂಧಿಸಿದ್ದಾದರೆ ಗ್ರಾಫಿಕ್ಸ್ ಡ್ರೈವರ್ ನೋಡಬೇಕು. ಡೈರೆಕ್ಟ್‌ಎಕ್ಸ್‌ನ ಕಡತ ಇಲ್ಲವೆಂದರೆ ಅದನ್ನು ತಯಾರಕರಿಂದಲೇ ಪಡೆಯಬೇಕು. ಒಂದೇ ಒಂದು ಕಡತವನ್ನು ಉಚಿತವಾಗಿ ಕೊಡುತ್ತೇವೆ ಎನ್ನುವ ಅಪರಿಚಿತ ತಾಣಗಳಿಂದ ತರಬೇಡಿ. ಕಡತದ ಜೊತೆಗೆ ವೈರಸ್ಸೂ ಬರಬಹುದು.

ನಾಲ್ಕನೆಯದು ಬಹಳ ಮುಖ್ಯ. ಒಂದು ಬಾರಿಗೆ ಒಂದೇ ಬದಲಾವಣೆ ಮಾಡಿ, ಫಲ ನೋಡಿ, ಬರೆದಿಡಿ, ಪ್ರಯೋಜನವಾಗದಿದ್ದರೆ ಮೊದಲಿನಂತೆ ಮಾಡಿ, ಆಮೇಲೆ ಮುಂದಿನದು. ಪ್ರಯೋಗಶಾಲೆಯಲ್ಲಿ ಉಷ್ಣತೆಯನ್ನೂ ಒತ್ತಡವನ್ನೂ ಒಟ್ಟಿಗೆ ಬದಲಿಸಿದರೆ ಅನಿಲದ ಗಾತ್ರ ಯಾವುದರಿಂದ ಬದಲಾಯಿತೆಂದು ತಿಳಿಯುತ್ತದೆಯೇ? ಇಲ್ಲಿಯೂ ಹಾಗೆಯೇ. ಎಡಿಟರನ್ನು ಪ್ರೋಗ್ರಾಮ್ ಫೈಲ್ಸ್‌ನಿಂದ ಹೊರಗೆ, ಇಂಗ್ಲಿಷ್ ಅಕ್ಷರಗಳ ಚಿಕ್ಕ ಹೆಸರಿರುವ ಫೋಲ್ಡರಿಗೆ ಹಾಕಿ ನೋಡುವುದು ಒಂದು ಪರೀಕ್ಷೆ. ಹಳೆಯ ವಿಂಡೋಸಿನಂತೆ ನಡೆಸುವ ಹೊಂದಾಣಿಕೆಯ ಆಯ್ಕೆ ಇನ್ನೊಂದು. ಡಾಟ್‌ನೆಟ್ 3.5 ಸೇರಿಸುವುದು ಮತ್ತೊಂದು. ಪರದೆಯ ಅಕ್ಷರಗಳನ್ನು ಹಿಗ್ಗಿಸಿದ್ದರೆ ನೂರಕ್ಕೆ ನೂರರ ಅಳತೆಗೆ ತಂದು ನೋಡುವುದು ಮಗದೊಂದು.

ಐದನೆಯದು, ಅರ್ಧ ಮಾಡಿ ಹುಡುಕುವ ವಿಧಾನ. ಸ್ಟುಡಿಯೋದಲ್ಲಿ ಕ್ಯಾಮೆರಾದ ಚಿತ್ರ ಮಾನಿಟರಿಗೆ ಬಾರದಿದ್ದರೆ ನಾವು ಕೇಬಲ್ಲಿನ ಒಂದು ತುದಿಯಿಂದ ಪ್ರತಿ ಜೋಡಣೆಯನ್ನೂ ಬಿಚ್ಚುತ್ತಾ ಹೋಗುವುದಿಲ್ಲ. ನಡುವಿನಲ್ಲಿ ಒಂದು ಕಡೆ ಪರೀಕ್ಷಿಸುತ್ತೇವೆ. ಅಲ್ಲಿ ಚಿತ್ರವಿದ್ದರೆ ದೋಷ ಮುಂದಿದೆ, ಇಲ್ಲದಿದ್ದರೆ ಹಿಂದಿದೆ. ಹೀಗೆ ಪ್ರತಿ ಸಲವೂ ಹುಡುಕುವ ಜಾಗ ಅರ್ಧವಾಗುತ್ತದೆ. ಎಡಿಟರ್ ತೆರೆಯುತ್ತದೆ, ಆದರೆ ನಿಮ್ಮ ಲೆವೆಲ್ ಮಾತ್ರ ತೆರೆಯುವುದಿಲ್ಲ ಎಂದಿಟ್ಟುಕೊಳ್ಳಿ. ಎಡಿಟರಿಗೆ ಜೋಡಿಸಿದ 16 ಹೆಚ್ಚುವರಿ ಭಾಗಗಳಲ್ಲಿ ಒಂದು ಕೆಟ್ಟಿದೆಯೆಂದಾದರೆ ಎಂಟನ್ನು ತೆಗೆದು ನೋಡಿ, ನಂತರ ನಾಲ್ಕು, ಎರಡು, ಒಂದು. ನಾಲ್ಕೇ ಪರೀಕ್ಷೆಯಲ್ಲಿ ಸಿಗುತ್ತದೆ. ಲೆವೆಲಿನೊಳಗೆ 1000 ವಸ್ತುಗಳಿದ್ದು ಒಂದರಲ್ಲಿ ದೋಷವಿದ್ದರೂ, ಕಡತವನ್ನು ತುಂಡು ಮಾಡಲು ಸಾಧ್ಯವಿದ್ದರೆ ಹತ್ತು ಪರೀಕ್ಷೆ ಸಾಕು. ಏಕೆಂದರೆ ಎರಡರ ಹತ್ತನೆಯ ಘಾತ 1024. ಗಣಿತದ ಪುಸ್ತಕದ ಘಾತಾಂಕ ಇಲ್ಲಿ ಒಂದು ವಾರದ ಶ್ರಮ ಉಳಿಸುತ್ತದೆ.

ಏನೂ ಫಲಿಸದಿದ್ದರೆ? ಆಗ ಹಳೆಯ ತಂತ್ರಾಂಶಕ್ಕೆ ಹಳೆಯ ಮನೆಯನ್ನೇ ಕಟ್ಟಿಕೊಡಬಹುದು. ಡಾಸ್‌ನ ಎಡಿಟರುಗಳನ್ನು ಡಾಸ್‌ಬಾಕ್ಸ್ ಎಂಬ ಉಚಿತ ತಂತ್ರಾಂಶದೊಳಗೆ ನಡೆಸಬಹುದು. ಹಳೆಯ ವಿಂಡೋಸನ್ನು ಹೊಸದರೊಳಗೆ ಒಂದು ಕಾಲ್ಪನಿಕ ಯಂತ್ರವಾಗಿ, ವರ್ಚುವಲ್ ಮೆಷಿನ್ ಆಗಿ, ಇಟ್ಟುಕೊಳ್ಳಬಹುದು. ಭದ್ರತಾ ತಿದ್ದುಪಡಿ ನಿಂತುಹೋದ ವ್ಯವಸ್ಥೆಯನ್ನು ಅಂತರಜಾಲಕ್ಕೆ ಜೋಡಿಸಬಾರದು, ಇದು ನೆನಪಿರಲಿ.

ಇನ್ನೊಂದು ವಿಷಯ. ಚಿಕ್ಕ ಹೆಸರಿನ ಇಂಗ್ಲಿಷ್ ಫೋಲ್ಡರ್ ಎಂದೆ. ಏಕೆ? ಹಳೆಯ ಎಡಿಟರುಗಳಲ್ಲಿ ಎಷ್ಟೋ ಒಂದು ಅಕ್ಷರಕ್ಕೆ ಒಂದೇ ಬೈಟ್ ಇಟ್ಟಿದ್ದವು. ಒಂದು ಬೈಟ್‌ನಲ್ಲಿ 256 ಸಂಕೇತಗಳು ಮಾತ್ರ ಹಿಡಿಯುತ್ತವೆ. ಫೋಲ್ಡರಿಗೆ ಮಲ್ಪೆ ಎಂದು ಕನ್ನಡದಲ್ಲಿ ಹೆಸರಿಟ್ಟರೆ ಅವುಗಳಿಗೆ ಅರ್ಥವಾಗುವುದಿಲ್ಲ. ಇದೇ ಸಂಕಟವನ್ನು ನಮ್ಮ ಭಾಷೆಯೂ ಅನುಭವಿಸಿದೆ. ಕನ್ನಡಕ್ಕೆ ಯೂನಿಕೋಡ್ ಸಂಕೇತಗಳು 1991ರಲ್ಲಿಯೇ ಗೊತ್ತಾದವು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಕನ್ನಡ ಅಕ್ಷರ ವಿನ್ಯಾಸವೂ ಬಂತು. ಆದರೂ ಬಹುಕಾಲ ನಮ್ಮ ಕಚೇರಿಗಳಲ್ಲಿ, ಮುದ್ರಣಾಲಯಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೆ ಕನ್ನಡ ಅಕ್ಷರಗಳ ತುಂಡುಗಳನ್ನು ಚಿತ್ರವಾಗಿ ಕೂರಿಸಿದ ಫಾಂಟುಗಳೇ ನಡೆದವು. ಆ ಫಾಂಟ್ ಇಲ್ಲದ ಹೊಸ ಕಂಪ್ಯೂಟರಿನಲ್ಲಿ ಅದೇ ಕಡತ ತೆರೆದರೆ ಕಾಣುವುದು ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳ ರಾಶಿ. ಬರೆದವರ ಕನ್ನಡ ಒಂದು ಫಾಂಟಿಗೆ ಒತ್ತೆಯಾಗಿತ್ತು.

ಇದಕ್ಕೆ ಉತ್ತರ ನಮ್ಮ ಸಮೀಪದಲ್ಲಿಯೇ ಇದೆ. ಕಿನ್ನಿಕಂಬಳದಲ್ಲಿ ಹುಟ್ಟಿ ಮಣಿಪಾಲದವರಾಗಿ ಹೆಸರಾದ ಕೆ.ಪಿ. ರಾವ್ ಅವರು ಕನ್ನಡಕ್ಕೆ ರೂಪಿಸಿದ ಕೀಲಿಮಣೆಯ ತತ್ತ್ವ ಬಹಳ ಸರಳ. ಅಕ್ಷರದ ಆಕಾರದ ತುಂಡುಗಳನ್ನು ಟೈಪಿಸಬೇಡಿ, ಧ್ವನಿಯನ್ನು ಕ್ರಮವಾಗಿ ಟೈಪಿಸಿ. ಮೊದಲು ವ್ಯಂಜನ, ನಂತರ ಸ್ವರ. ಗುಣಿತ, ಒತ್ತಕ್ಷರದ ಆಕಾರ ಕೊಡುವುದು ಕಂಪ್ಯೂಟರಿನ ಕೆಲಸ. ಆದ್ದರಿಂದಲೇ ಫಾಂಟುಗಳು ಬದಲಾದರೂ, ವ್ಯವಸ್ಥೆಗಳು ಬದಲಾದರೂ ಆ ಕೀಲಿಮಣೆಯ ಕ್ರಮ ಬದಲಾಗಬೇಕಾಗಿ ಬರಲಿಲ್ಲ. ತೋರಿಕೆಗಿಂತ ಅದರ ಹಿಂದಿನ ತರ್ಕವನ್ನು ಉಳಿಸಿದ್ದು ಬಾಳಿತು.

ಆಟಗಳಲ್ಲಿಯೂ ಹೀಗೆಯೇ ಆಗಿದೆ. 1996ರ ಕ್ವೇಕ್ ಎಂಬ ಆಟದ ಲೆವೆಲಿನ ಮೂಲ ಕಡತ ಬರಿಯ ಪಠ್ಯ. ಗೋಡೆ ಎಲ್ಲಿದೆ, ದೀಪ ಎಲ್ಲಿದೆ ಎಂದು ಅಂಕಿಗಳಲ್ಲಿ ಬರೆದಿರುತ್ತದೆ. ಸಾಮಾನ್ಯ ನೋಟ್‌ಪ್ಯಾಡಿನಲ್ಲಿಯೂ ಅದನ್ನು ತೆರೆದು ಓದಬಹುದು, ಇಂದಿನ ಎಡಿಟರುಗಳೂ ಅದನ್ನು ಅರ್ಥಮಾಡಿಕೊಳ್ಳುತ್ತವೆ. ಡೂಮ್ ಆಟದ ಮೂಲ ಸಂಕೇತವನ್ನು ತಯಾರಕರು 1997ರಲ್ಲಿ ಸಾರ್ವಜನಿಕರಿಗೆ ಬಿಟ್ಟುಕೊಟ್ಟರು. ಹೀಗಾಗಿ ಡಾಸ್‌ನ ಕಾಲದ ಆ ಆಟ ಇಂದಿನ ಕಂಪ್ಯೂಟರುಗಳಲ್ಲಿಯೂ ನಡೆಯುತ್ತದೆ, ಅಂದು ಹುಡುಗರು ಕಟ್ಟಿದ ಲೆವೆಲುಗಳನ್ನು ಇಂದಿನ ಹುಡುಗರು ಆಡುತ್ತಾರೆ. ಗುಟ್ಟಿನ ರೂಪದಲ್ಲಿ ಉಳಿಸುವ ಎಡಿಟರುಗಳಿಗೆ ಈ ಭಾಗ್ಯವಿಲ್ಲ. ಅದನ್ನು ಮಾಡಿದ ಸಂಸ್ಥೆ ಮುಚ್ಚಿದರೆ ಕಡತ ಇದ್ದರೂ ಓದುವವರಿಲ್ಲ.

ಆದ್ದರಿಂದ ಮಿತ್ರರೆ, ಲೆವೆಲ್ ಕಟ್ಟುವ ಮೊದಲೇ ಎಡಿಟರಿಗೆ ಮೂರು ಪ್ರಶ್ನೆ ಕೇಳಿ. ನನ್ನ ಕಡತವನ್ನು ನೀನು ಎಲ್ಲಿ ಇಡುತ್ತೀಯೆ? ಯಾವ ರೂಪದಲ್ಲಿ ಇಡುತ್ತೀಯೆ? ಬೇರೊಂದು ಉಪಕರಣ ಅದನ್ನು ಓದಬಲ್ಲುದೆ? ಉತ್ತರ ತೃಪ್ತಿಕರವಾಗಿಲ್ಲದಿದ್ದರೆ ತಿಂಗಳಿಗೊಮ್ಮೆಯಾದರೂ ಕೆಲಸವನ್ನು ಎಲ್ಲರೂ ಓದಬಲ್ಲ ರೂಪಕ್ಕೆ ರಫ್ತು ಮಾಡಿ ಇಟ್ಟುಕೊಳ್ಳಿ. ಲೆವೆಲಿನ ನಕ್ಷೆಯನ್ನು ಕಾಗದದ ಮೇಲೆ ಬರೆದಿಡುವುದೂ ಒಳ್ಳೆಯದು. ವ್ಯವಸ್ಥೆಯನ್ನು ಮೇಲ್ದರ್ಜೆಗೆ ಏರಿಸಲು ಪರೀಕ್ಷೆ, ಸ್ಪರ್ಧೆಗಳು ಮುಗಿದ ನಂತರದ ದಿನವನ್ನು ಆರಿಸಿಕೊಳ್ಳಿ.

ಈ ಅಭ್ಯಾಸ ಆಟಗಳಿಗಷ್ಟೇ ಸೀಮಿತವಲ್ಲ. ನಾಳೆ ನೀವು ಮಣಿಪಾಲದ ಪ್ರಯೋಗಾಲಯದಲ್ಲಿರಬಹುದು, ಕಾರ್ಕಳದ ಒಂದು ಬ್ಯಾಂಕಿನಲ್ಲಿರಬಹುದು, ಮಲ್ಪೆಯ ದೋಣಿಗೆ ದಿಕ್ಕು ತೋರಿಸುವ ಉಪಕರಣ ಮಾಡುತ್ತಿರಬಹುದು. ಅಲ್ಲಿಯೂ ವ್ಯವಸ್ಥೆಗಳು ಬದಲಾಗುತ್ತವೆ, ನಿನ್ನೆಯದು ಇಂದು ನಿಲ್ಲುತ್ತದೆ. ಅಂದು ನಿಮ್ಮ ಕೈಯಲ್ಲಿ ಒಂದು ನಕಲು, ಒಂದು ಟಿಪ್ಪಣಿ ಪುಸ್ತಕ ಮತ್ತು ಒಂದೊಂದೇ ಬದಲಾವಣೆ ಮಾಡುವ ತಾಳ್ಮೆ ಇರಲಿ. ನಮ್ಮ ವಿದ್ಯಾರ್ಥಿನಿಯ ದ್ವೀಪವೂ, ಅದರ ಶಿಲಾಸ್ತಂಭಗಳೂ ಅವಳ ಪೆನ್ ಡ್ರೈವಿನಲ್ಲಿ ಸುರಕ್ಷಿತವಾಗಿವೆ. ಇನ್ನು ಹತ್ತು ದಿನಗಳಲ್ಲಿ ಅದನ್ನು ತೆರೆಯುವ ದಾರಿ ಹುಡುಕುವುದಷ್ಟೇ ಬಾಕಿ, ಎಲ್ಲಿಂದ ಆರಂಭಿಸಬೇಕೆಂದು ಈಗ ಅವಳಿಗೆ ಗೊತ್ತು.